ಪಾದ್ರಿ ಬಂಡೆಯ ಅಧಿಕೃತ ನೋಟ

ನಮ್ಮ ವಿರಲೂನ್ ಕೌನ್ಸಿಲಿನ ಸರಹದ್ದಿನೊಳಗೆ ಪ್ರಕೃತಿ ಸೌಂದರ್ಯವು ರಸ್ತೆ ಮತ್ತು ಚರಂಡಿ ವಿಭಾಗಕ್ಕೆ ಒಳಪಟ್ಟಿರುತ್ತದೆ. ಇದರಲ್ಲಿ ಹುಬ್ಬೇರಿಸುವಂಥದ್ದು ಏನೂ ಇಲ್ಲ. ಸೌಂದರ್ಯವನ್ನೂ ಯಾರಾದರೂ ನೋಡಿಕೊಳ್ಳಬೇಕಲ್ಲ? ಗ್ರಂಥಾಲಯದವರು ತಮ್ಮಲ್ಲಿ ಜಾಗವಿಲ್ಲ ಎಂದರು. ನಾಯಿ ನೋಂದಣಿಯವರು ತಮ್ಮಲ್ಲಿ ಜನವಿಲ್ಲ ಎಂದರು. ಚರಂಡಿಯವರ ಬಳಿ ಒಂದು ಲಾರಿ, ಸಾಕಷ್ಟು ಸಿಮೆಂಟು ಮತ್ತು ಉಳಿದುಹೋದ ಹಳದಿ ಬಣ್ಣ ಇದ್ದವು. ಕೆಲಸ ಅವರ ತಲೆಗೆ ಬಿತ್ತು, ಅವರು ಇವತ್ತಿನವರೆಗೂ ಗೊಣಗದೆ ಮಾಡಿಕೊಂಡು ಬಂದಿದ್ದಾರೆ.

ಈ ಸೌಂದರ್ಯದ ಪೈಕಿ ಮುಖ್ಯವಾದದ್ದು ಪಾದ್ರಿ ಬಂಡೆ. ಕರಾವಳಿ ರಸ್ತೆಯ ಪಕ್ಕದ ಕಡಿದಾದ ಅಂಚಿನಿಂದ ತುಸು ದೂರದಲ್ಲಿ, ಸಮುದ್ರದ ನಡುವೆ, ನಿಲುವಂಗಿ ತೊಟ್ಟ ಪಾದ್ರಿಯೊಬ್ಬರು ತಲೆ ಬಗ್ಗಿಸಿ ಅಲೆಗಳಿಗೆ ಬುದ್ಧಿ ಹೇಳುತ್ತಿರುವಂತೆ ನಿಂತಿದ್ದ ಕಲ್ಲು ಅದು. ಅಲೆಗಳು ಕೇಳುತ್ತಿರಲಿಲ್ಲ, ಆ ಮಾತು ಬೇರೆ. ಕಾರಿನ ಹಿಂದೆ ಕ್ಯಾರವಾನ್ ಎಂಬ ಮನೆಗಾಡಿ ಎಳೆದುಕೊಂಡು ಈ ರಸ್ತೆಯಲ್ಲಿ ಹೋಗುವ ಪ್ರತಿಯೊಬ್ಬರೂ ಅಲ್ಲಿ ಇಳಿದು, ಬಂಡೆಗೆ ಬೆನ್ನು ಹಾಕಿ, ಹಲ್ಲು ಕಿರಿದು ಫೋಟೋ ತೆಗೆಸಿಕೊಂಡು, ಬೇಕರಿಯ ಸಾಸ್ ಸುರಿದ ಮಾಂಸದ ಪೈ ತಿಂದು ಮುಂದೆ ಹೋಗುವುದು ಅಜ್ಜಂದಿರ ಕಾಲದಿಂದ ನಡೆದುಬಂದ ಪದ್ಧತಿ.

ಮೊದಲಿಗೆ ಅಲ್ಲಿ ಒಂದೇ ಒಂದು ಫಲಕವಿತ್ತು: ‘ಮುಂದೆ ಅಂಚಿದೆ, ಎಚ್ಚರಿಕೆ.’ ಯಾರೋ ಪುಣ್ಯಾತ್ಮ ಬಂಡೆಯನ್ನೇ ನೋಡುತ್ತ ನಡೆದು ಆ ಫಲಕಕ್ಕೆ ಹಣೆ ಚಚ್ಚಿಕೊಂಡ. ಕೌನ್ಸಿಲ್ ಕೂಡಲೇ ಎಚ್ಚೆತ್ತು ‘ಮುಂದೆ ಫಲಕವಿದೆ, ಎಚ್ಚರಿಕೆ’ ಎಂಬ ಇನ್ನೊಂದು ಫಲಕ ನೆಟ್ಟಿತು. ಆಮೇಲೆ ಗಾಳಿ, ಅಲೆ, ಹಾವು, ಬಿಸಿಲು, ಜಾರುವ ಕಲ್ಲು, ಜಾರುವಂತೆ ಕಾಣುವ ಆದರೆ ಜಾರದ ಕಲ್ಲು ಎಂದು ಒಂದೊಂದಕ್ಕೂ ಒಂದೊಂದು ಬಂತು. ವರ್ಷಗಳು ಕಳೆದಂತೆ ಫಲಕಗಳು ಭುಜಕ್ಕೆ ಭುಜ ತಾಗಿಸಿ ನಿಂತು ಗಟ್ಟಿಮುಟ್ಟಾದ ಗೋಡೆಯೇ ಆಯಿತು. ಅಪಘಾತಗಳು ಪೂರ್ತಿ ನಿಂತುಹೋದವು. ಸಮುದ್ರ ಕಂಡರೆ ತಾನೇ ಜನ ಅದರ ಕಡೆ ಹೋಗುವುದು?

ಸಮುದ್ರ ಕಾಣುವುದಿಲ್ಲ ಎಂದು ಕೆಲವರು ದೂರು ಕೊಟ್ಟರು. ದೂರನ್ನು ಕಸದ ಬುಟ್ಟಿಗೆ ಹಾಕುವ ಜಾಯಮಾನ ನಮ್ಮ ಕೌನ್ಸಿಲಿನದಲ್ಲ. ಗೋಡೆಯ ಮುಂದೆ ಆಳೆತ್ತರವನ್ನೂ ಮೀರಿದ ತಗಡಿನ ಹಲಗೆ ನಿಲ್ಲಿಸಿ, ಅದರ ಮೇಲೆ ಪಾದ್ರಿ ಬಂಡೆಯ ಬಣ್ಣದ ಫೋಟೋ ಅಚ್ಚು ಹಾಕಿಸಿ, ಕೆಳಗೆ ‘ಅಧಿಕೃತ ನೋಟ’ ಎಂದು ಬರೆಸಿತು. ಎದುರಿನ ಸಿಮೆಂಟು ನೆಲದ ಮೇಲೆ ಹಳದಿ ಬಣ್ಣದಲ್ಲಿ ಜೋಡಿ ಹೆಜ್ಜೆಗಳನ್ನು ಬಿಡಿಸಿತು. ಆ ಹೆಜ್ಜೆಗಳ ಮೇಲೆ ನಿಂತು ಫೋಟೋ ತೆಗೆಸಿಕೊಂಡರೆ ಊರಿಗೆ ಹೋಗಿ ತೋರಿಸುವಾಗ ಯಾರಿಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಸಮುದ್ರ ನೋಡಿದವರಿಗೂ ಅಷ್ಟೇ, ನೋಡದವರಿಗೂ ಅಷ್ಟೇ.

ಹೀಗೆ ಎಲ್ಲವೂ ಸುಸೂತ್ರವಾಗಿ ನಡೆಯುತ್ತಿದ್ದ ಕಾಲದಲ್ಲಿ, ಮಾರ್ಚ್ ತಿಂಗಳ ಒಂದು ಬೆಳಗ್ಗೆ, ಕೆಲ್ವಿನ್ ಟ್ರೆಗೆಯರ್ ಎಂಬಾತ ಹಳೇ ಕ್ಯಾರವಾನ್ ಎಳೆದುಕೊಂಡು ಕರಾವಳಿ ರಸ್ತೆಯಲ್ಲಿ ಬರುತ್ತಿದ್ದ. ಎಲ್ಲರೂ ಅವನನ್ನು ಕೆಲ್ ಎನ್ನುತ್ತಿದ್ದರು. ಶಾಲೆ ಬಸ್ಸು ಓಡಿಸಿ ನಿವೃತ್ತನಾದ ಮೇಲೆ ಅವನಿಗೆ ಕ್ಯಾಮೆರಾದ ಹುಚ್ಚು ಹಿಡಿದಿತ್ತು. ಹಿಂದಿನ ಸೀಟಿನಲ್ಲಿ ಹೆಂಡತಿ ರೋಂಡಾ, ತೊಡೆಯ ಮೇಲೆ ಚಹಾದ ಥರ್ಮಾಸ್ ಇಟ್ಟುಕೊಂಡು ಕೂತಿದ್ದಳು. ಮುಂದಿನ ಸೀಟಿನಲ್ಲಿ ರೋಂಡಾಳ ತಾಯಿ ಮಾವಿಸ್, ವಯಸ್ಸು ತೊಂಬತ್ತರ ಹತ್ತಿರ, ಕೈಯಲ್ಲಿ ಊರುಗೋಲು, ಬಾಯಲ್ಲಿ ಪುದೀನದ ಪೆಪ್ಪರಮೆಂಟು.

ಬೆಳಗ್ಗೆಯಿಂದ ಕೆಲ್ ದೀಪಸ್ತಂಭಕ್ಕೆ ಒಮ್ಮೆ, ಕಂಬದ ಮೇಲೆ ಕೂತ ಕೊಕ್ಕರೆಗೆ ಒಮ್ಮೆ ಗಾಡಿ ನಿಲ್ಲಿಸಿದ್ದ. ಆಮೇಲೆ ಪೆಟ್ರೋಲ್ ಬಂಕಿನ ಮಾಡಿನ ಮೇಲೆ ಕೂರಿಸಿದ್ದ ದೈತ್ಯ ಪ್ಲಾಸ್ಟಿಕ್ ಏಡಿ ಬಂತು. ನಮ್ಮ ಕಡೆ ಯಾವ ಊರಿಗೆ ಹೇಳಿಕೊಳ್ಳಲು ಏನೂ ಇರುವುದಿಲ್ಲವೋ ಆ ಊರು ಒಂದು ಏಡಿಯನ್ನೋ ಬಾಳೆಹಣ್ಣನ್ನೋ ಮನೆಯಷ್ಟು ದೊಡ್ಡದಾಗಿ ಮಾಡಿ ಕೂರಿಸಿಕೊಳ್ಳುತ್ತದೆ. ಕೆಲ್ ಆ ಏಡಿಯ ಫೋಟೋವನ್ನು ನಿಂತು, ಕೂತು, ಕೊನೆಗೆ ಟಾರಿನ ಮೇಲೆ ಅಂಗಾತ ಮಲಗಿಯೂ ತೆಗೆದ.

“ಇನ್ನೊಂದ್ಸಲ ಗಾಡಿ ನಿಲ್ಸು, ನೋಡು. ಇಳ್ದು ಬಸ್ಸಲ್ಲಿ ಮನೆಗೆ ಹೋಗ್ತೀನಿ,” ಅಂದಳು ರೋಂಡಾ.

“ಬೆಳಕು ಚೆನ್ನಾಗಿತ್ತು ಕಣೇ.”

“ನಿಂಗೆ ಯಾವಾಗ ಚೆನ್ನಾಗಿರಲ್ಲ ಹೇಳು?”

“ಏಡಿ ಸಾಕು ಬಿಡಪ್ಪ ಕೆಲ್,” ಎಂದಳು ಮಾವಿಸ್. “ಅದು ಮುಂದಿನ ವರ್ಷಾನೂ ಅಲ್ಲೇ ಕೂತಿರತ್ತೆ. ನಾನು ಕೂತಿರ್ತೀನೋ ಇಲ್ವೋ. ಬಂಡೆ ಹತ್ರ ನಡಿ.”

ಈ ಪ್ರಯಾಣವೇ ಬಂಡೆಗಾಗಿ ಹೊರಟದ್ದು. ಮದುವೆಯಾದ ಹೊಸತರಲ್ಲಿ ಮಾವಿಸಳ ಗಂಡ ಕ್ಲಾರಿ ಅವಳನ್ನು ಇಲ್ಲಿಗೆ ಕರೆತಂದು, ಅಣ್ಣನಿಂದ ಎರವಲು ತಂದ ಕ್ಯಾಮೆರಾದಲ್ಲಿ ಒಂದೇ ಒಂದು ಫೋಟೋ ತೆಗೆದಿದ್ದ. ಅದರಲ್ಲಿ ಪಾದ್ರಿ ಬಂಡೆ ನೆತ್ತಿಯಿಂದ ಬುಡದವರೆಗೆ ಕಣ್ಣಿಗೆ ಕಟ್ಟುವ ಹಾಗೆ ಬಂದಿತ್ತು. ಪಕ್ಕದಲ್ಲಿ ಹೂವಿನ ಫ್ರಾಕು ತೊಟ್ಟ ಒಬ್ಬ ಹೆಂಗಸು, ಕುತ್ತಿಗೆಯವರೆಗೆ. ತಲೆ ಇರಲಿಲ್ಲ. ಕ್ಲಾರಿ ಅದಕ್ಕೆ ಕಟ್ಟು ಹಾಕಿಸಿ ಊಟದ ಮೇಜಿನ ಮೇಲ್ಗಡೆ ತೂಗುಹಾಕಿದ, ಬಂದವರಿಗೆಲ್ಲ “ಬಂಡೆ ಎಷ್ಟು ಚೆನ್ನಾಗಿ ಬಂದಿದೆ ಅಲ್ವಾ?” ಅಂದ, ಬದುಕಿರುವ ತನಕ ಅನ್ನುತ್ತಲೇ ಇದ್ದ. ಅವನು ಹೋದ ಮೇಲೆ ಮಾವಿಸ್ ವೃದ್ಧರ ವಸತಿಗೆ ಸೇರಿದಳು, ಫೋಟೋವೂ ಜೊತೆಗೆ ಹೋಯಿತು. ಅಲ್ಲಿನ ನರ್ಸು ಒಂದು ದಿನ ಅದನ್ನು ನೋಡಿ, “ಯಾರಮ್ಮ ಈಕೆ? ಪಾಪ, ಏನಾಯ್ತು?” ಎಂದು ಕೇಳಿದಳು. ಮಾವಿಸಳಿಗೆ ಅದು ನಾಟಿತು. ದೂರದ ಪ್ರಯಾಣ ಇನ್ನೊಂದೇ ಸಲ, ಆಮೇಲೆ ಹೃದಯ ತಾಳುವುದಿಲ್ಲ ಎಂದು ಡಾಕ್ಟರು ಹೇಳಿದ್ದೇ ತಡ, ಅಳಿಯನಿಗೆ ಫೋನು ಮಾಡಿದಳು: “ಸಾಯೋದರೊಳಗೆ ನಂಗೊಂದು ಫೋಟೋ ಬೇಕು. ಬಂಡೇನೂ ಇರ್ಬೇಕು, ನನ್ನ ತಲೇನೂ ಇರ್ಬೇಕು. ಅದೂ ಒಂದರಲ್ಲೇ.”

ಕೆಲ್ ಒಪ್ಪಿಕೊಂಡುಬಿಟ್ಟಿದ್ದ. ಅತ್ತೆ ಅಂದರೆ ಅವನಿಗೆ ಪ್ರೀತಿ, ಜೊತೆಗೆ ಸ್ವಲ್ಪ ಭಯ. ತನ್ನ ಕ್ಯಾಮೆರಾ ಸಂಘದಲ್ಲಿ ‘ಮಸುಕು ಕೆಲ್’ ಎಂಬ ಅಡ್ಡಹೆಸರು ಪಡೆದಿದ್ದವನು ಅವನು. ಏಡಿಗೂ ಕೊಕ್ಕರೆಗೂ ಅಷ್ಟೊಂದು ಫೋಟೋ ತೆಗೆದದ್ದು ಕೈ ಪಳಗಲಿ ಎಂದೇ. ಅದನ್ನು ಹೆಂಡತಿಗೆ ಹೇಳುವಂತಿರಲಿಲ್ಲ.

ಗಾಡಿಯಿಂದಿಳಿದು ವೀಕ್ಷಣಾ ಸ್ಥಳದತ್ತ ನಡೆಯುತ್ತಿದ್ದಂತೆ ಮಿರುಗುವ ಹಳದಿ ಜಾಕೆಟ್ಟಿನ ವ್ಯಕ್ತಿಯೊಬ್ಬ ಕೋಲಿನ ತುದಿಯ ದುಂಡು ಹಲಗೆಯನ್ನು ಅವರತ್ತ ತಿರುಗಿಸಿ ಹಿಡಿದ. ಅದರಲ್ಲಿ ‘ನಿಲ್ಲಿ’ ಎಂದಿತ್ತು. ಅವರು ನಿಂತರು. ಮಗ್ಗಲು ಬದಲಿಸಿದ. ಇನ್ನೊಂದು ಕಡೆ ‘ನಿಧಾನ’ ಎಂದಿತ್ತು. ಅವರು ನಿಧಾನವಾಗಿ ಬಂದರು. ರಸ್ತೆ ರಿಪೇರಿಯಲ್ಲಿ ವಾಹನಗಳಿಗೆ ತೋರಿಸುವ ಕೋಲು ಅದು. ವಿಭಾಗದಲ್ಲಿ ಬೇರೆ ಉಪಕರಣ ಇಲ್ಲದ್ದರಿಂದ ನಡೆದು ಬರುವವರಿಗೂ ಅದನ್ನೇ ತೋರಿಸಲಾಗುತ್ತಿತ್ತು. ಕೋಲು ಹಿಡಿದವನೇ ನಮ್ಮ ವೀಕ್ಷಣಾ ಸುರಕ್ಷಾಧಿಕಾರಿ ಟ್ರೆವರ್ ಮಗ್ರಿಜ್.

“ಬನ್ನಿ ಬನ್ನಿ ಮಾರಾಯ್ರೇ, ಹೇಗಿದೀರ?” ಎಂದ ಟ್ರೆವರ್. ಮೂವರಿಗೂ ಮಿರುಗುವ ಜಾಕೆಟ್ ತೊಡಿಸಿದ, ಟೊಪ್ಪಿ ಕೊಟ್ಟ, ಬಿಸಿಲು ತಾಗದಂತೆ ಮೂಗಿಗೆ ಬಿಳಿ ಮುಲಾಮು ಹಚ್ಚಿಸಿದ. ಆಮೇಲೆ ಗಂಟಲು ಸರಿಮಾಡಿಕೊಂಡು ಹೇಳಬೇಕಾದದ್ದನ್ನು ಹೇಳಿದ: “ಸಾರ್ವಜನಿಕರು ಹಳದಿ ಹೆಜ್ಜೆಗಳ ಮೇಲೆ ನಿಂತು ಅಧಿಕೃತ ನೋಟವನ್ನು ನೋಡತಕ್ಕದ್ದು. ನೋಡುವಾಗ ಓಡತಕ್ಕದ್ದಲ್ಲ. ಬೇರೆ ಏನಾದರೂ ನೋಡಬೇಕೆನಿಸಿದಲ್ಲಿ ಮುಂಚಿತವಾಗಿ ಅಧಿಕಾರಿಗೆ ತಿಳಿಸತಕ್ಕದ್ದು.”

ಮಾವಿಸ್ ಊರುಗೋಲು ಊರಿ ಸುತ್ತ ನೋಡಿದಳು. “ಸಮುದ್ರ ಎಲ್ಲಪ್ಪ?”

“ನಿಮ್ಮ ಮುಂದೇನೇ ಇದೆಯಲ್ಲಮ್ಮಾ.”

“ಇದು ತಗಡು.”

“ತಗಡಿನ ಮೇಲಿರೋದು ಸಮುದ್ರ.”

“ಸದ್ದು ಹಿಂದಿನಿಂದ ಬರ್ತಿದೆಯಲ್ಲೋ.”

“ಸದ್ದು ನಮ್ಮ ವಿಭಾಗಕ್ಕೆ ಬರಲ್ಲಮ್ಮಾ,” ಎಂದ ಟ್ರೆವರ್, ತುಂಬ ವಿನಯದಿಂದ.

ಇದನ್ನಾದರೂ ಮಾವಿಸ್ ಸಹಿಸಿಕೊಳ್ಳುತ್ತಿದ್ದಳೇನೋ. ಆದರೆ ಹಲಗೆ ಬಿಸಿಲಿಗೆ ನಿಂತು ನಿಂತು ಬಣ್ಣಗೆಟ್ಟಿತ್ತು. ಆಕಾಶ, ಸಮುದ್ರ, ಬಂಡೆ ಮೂರೂ ಕಲಸಿ ನೀರು ಮಜ್ಜಿಗೆಯ ಬಣ್ಣಕ್ಕೆ ತಿರುಗಿದ್ದವು.

“ಇದರಲ್ಲಿ ಪಾದ್ರಿ ಎಲ್ಲಿ? ತೋರ್ಸು.”

ಟ್ರೆವರ್ ಕೋಲಿನ ತುದಿಯಿಂದ ತೋರಿಸಿದ. “ಇದು ಭುಜ.”

“ಅದು ತುಕ್ಕು.”

ಟ್ರೆವರ್ ಹತ್ತಿರ ಹೋಗಿ ಪರೀಕ್ಷಿಸಿದ. “ಹೌದು, ತುಕ್ಕು. ಭುಜ ಅದರ ಪಕ್ಕದಲ್ಲಿದೆ.”

“ಹೊಸ ಫೋಟೋ ಹಾಕ್ಸಬಾರ್ದಾ?” ಕೆಲ್ ಕೇಳಿದ.

ಹಾಕಿಸಬಾರದು ಎಂದೇನೂ ಇರಲಿಲ್ಲ. ಹೊಸ ಹಲಗೆಗೆ ಮಂಜೂರಾತಿ ಸಿಕ್ಕಿ ಎಷ್ಟೋ ಕಾಲವಾಗಿತ್ತು. ಆದರೆ ಹೊಸ ಫೋಟೋ ತೆಗೆಯಬೇಕಾದರೆ ಯಾರಾದರೂ ಫಲಕಗಳ ಹಿಂದೆ ಹೋಗಬೇಕು. ಹಿಂದೆ ಹೋಗುವುದನ್ನು ಕೌನ್ಸಿಲ್ ನಿಷೇಧಿಸಿತ್ತು. ಕೌನ್ಸಿಲ್ ತನ್ನ ಬಳಿಯೇ ವಿಶೇಷ ಅನುಮತಿ ಕೇಳಿತ್ತು. ಕೂಲಂಕಷವಾಗಿ ಪರಿಶೀಲಿಸಿ, ತನಗೆ ತಾನೇ ಇಲ್ಲ ಎಂದಿತ್ತು. ತಮ್ಮವರು ಎಂದು ಪಕ್ಷಪಾತ ಮಾಡುವ ಆಡಳಿತವಲ್ಲ ಇದು ಎಂದು ಟ್ರೆವರ್ ಹೆಮ್ಮೆಯಿಂದಲೇ ವಿವರಿಸಿದ.

ಮಾವಿಸ್ ಹೋಗಿ ಕ್ಯಾರವಾನಿನ ಮೆಟ್ಟಿಲ ಮೇಲೆ ಕೂತಳು. ರೋಂಡಾ ಚಹಾ ಬಗ್ಗಿಸಿ ಕೊಟ್ಟರೆ ಬೇಡ ಎಂದು ತಲೆಯಾಡಿಸಿದಳು. ಈ ಮುದುಕಿ ಚಹಾ ಬೇಡ ಎಂದದ್ದನ್ನು ಕೆಲ್ ಅವಳ ಗಂಡನ ಮಣ್ಣಿನ ದಿನ ಬಿಟ್ಟರೆ ಮತ್ತೆಂದೂ ಕಂಡಿರಲಿಲ್ಲ. ಕತ್ತಿನಲ್ಲಿ ತೂಗುತ್ತಿದ್ದ ಕ್ಯಾಮೆರಾ ಕಲ್ಲಿನಷ್ಟು ಭಾರವಾಯಿತು.

“ಅಲ್ರೀ, ಒಂದೇ ಒಂದು ನಿಮಿಷ ಹಿಂದೆ ಹೋಗೋಕೆ ಬಿಟ್ರೆ ನಿಮ್ಮ ಗಂಟೇನು ಹೋಗತ್ತೆ?” ರೋಂಡಾ ಟ್ರೆವರ್ ಮೇಲೆ ಹಾರಿಬಿದ್ದಳು. “ಅಷ್ಟು ದೂರದಿಂದ ಬಂದಿದಾರೆ ನಮ್ಮಮ್ಮ!”

“ನನ್ನ ಗಂಟೇನೂ ಇಲ್ಲ ತಾಯಿ. ನಿಯಮ ಇದೆ.”

“ನನಗೆ ಶೌಚಕ್ಕೆ ಹೋಗ್ಬೇಕು,” ಎಂದಳು ಮಾವಿಸ್.

“ಧಾರಾಳವಾಗಿ ಹೋಗಿ ಅಮ್ಮಾ,” ಎಂದ ಟ್ರೆವರ್. “ಫಲಕಗಳ ಹಿಂದೆ ಇದೆ.”

ಇಲ್ಲೊಂದು ಮಾತು ತಿಳಿಸಬೇಕು. ಶೌಚಾಲಯವು ಆರೋಗ್ಯ ವಿಭಾಗಕ್ಕೆ ಸೇರಿದ್ದು. ಫಲಕಗಳು ಏಳುವುದಕ್ಕಿಂತ ಎಷ್ಟೋ ಮುಂಚೆ ಕಟ್ಟಿದ್ದರಿಂದ ಅದು ಅಂಚಿನ ಕಡೆಯೇ ಉಳಿದುಹೋಗಿತ್ತು, ಬಾಗಿಲು ಸಮುದ್ರಕ್ಕೆ ಮುಖ ಮಾಡಿತ್ತು. ಅಲ್ಲಿಗೆ ಹೋಗುವುದನ್ನು ತಡೆಯುವ ಅಧಿಕಾರ ಚರಂಡಿ ವಿಭಾಗಕ್ಕಿರಲಿಲ್ಲ; ಅದು ಮನುಷ್ಯನ ಮೂಲಭೂತ ಹಕ್ಕು. ಹೋದವರು ಮುಖ ಅರಳಿಸಿಕೊಂಡು ಬರುತ್ತಿದ್ದರು. ಪ್ರವಾಸಿಗರ ಅಭಿಪ್ರಾಯ ಸಂಗ್ರಹದಲ್ಲಿ ಸತತವಾಗಿ ಇಡೀ ಕರಾವಳಿಯ ಅತ್ಯುತ್ತಮ ಸ್ಥಳ ಎಂದು ವಿರಲೂನಿನ ಶೌಚಾಲಯವೇ ಆಯ್ಕೆಯಾಗುತ್ತಿತ್ತು. ಕೌನ್ಸಿಲಿನವರು ಅದಕ್ಕೆ ಸೋಪು ಕಾರಣ ಎಂದು ತಿಳಿದು ಸೋಪು ಕೊಂಡ ಅಧಿಕಾರಿಗೆ ಬಡ್ತಿ ಕೊಟ್ಟಿದ್ದರು.

“ಒಬ್ಬರೇ ಹೋಗಬೇಡಿ, ಜೊತೆಗೆ ಯಾರಾದರೂ ಇರಲಿ,” ಎಂದು ಟ್ರೆವರ್ ಕಾಳಜಿಯಿಂದ ಹೇಳಿ, ಚಹಾ ವಿರಾಮಕ್ಕೆ ತನ್ನ ಗೂಡಿಗೆ ಹೋದ. ರೋಂಡಾ ಗಾಡಿ ಕಾಯಲು ನಿಂತಳು. ಕೆಲ್ ಅತ್ತೆಯ ತೋಳು ಹಿಡಿದುಕೊಂಡು ಹೊರಟ. ಕ್ಯಾಮೆರಾ ಕತ್ತಿನಲ್ಲೇ ಇತ್ತು.

ಫಲಕಗಳನ್ನು ಬಳಸಿ ಹೋದರೆ, ಏನು ಹೇಳುವುದು! ಸಮುದ್ರವೇ ಸಮುದ್ರ. ಹಸಿರು, ನೀಲಿ, ನೊರೆಯ ಬಿಳಿ. ಗಟ್ಟಿ ಕಬ್ಬಿಣದ ಕಂಬಿಯ ಆಚೆ, ಕೈಗೆ ಸಿಗುವ ಹಾಗೆ, ಪಾದ್ರಿ ತಲೆ ಬಗ್ಗಿಸಿ ನಿಂತಿದ್ದ.

“ಅಯ್ಯೋ, ಹಾಗೇ ಇದಾನಲ್ಲೋ!” ಎಂದಳು ಮಾವಿಸ್. ಅವಳ ದನಿ ಚಿಕ್ಕ ಹುಡುಗಿಯದರಂತಾಯಿತು. “ಸ್ವಲ್ಪಾನೂ ಬದಲಾಗಿಲ್ಲ. ನಾನೇ ಬಗ್ಗಿದೀನಿ.”

“ಅಮ್ಮಾ, ಶೌಚ?”

“ಯಾವ ಶೌಚಾನೂ ಇಲ್ಲ, ಏನೂ ಇಲ್ಲ. ಬೇಗ ತೆಗಿಯಯ್ಯ, ಆ ಕೋಲಿನವನು ಬರೋದ್ರೊಳಗೆ.”

ಮಾವಿಸ್ ಟೊಪ್ಪಿ ತೆಗೆದು ಕಂಬಿಗೆ ಒರಗಿ ನಿಂತಳು. ಬಿಳಿ ಕೂದಲು ಗಾಳಿಗೆ ಎದ್ದು ಕುಣಿಯಿತು. ಮೂಗಿನ ಮೇಲೆ ಮುಲಾಮು ಹಾಗೇ ಇತ್ತು, ಮಿರುಗುವ ಜಾಕೆಟ್ಟು ಮೊಣಕಾಲಿನವರೆಗೆ ಇಳಿದಿತ್ತು. ಕೆಲ್ ಕಿಂಡಿಯಲ್ಲಿ ಕಣ್ಣಿಟ್ಟ. ಉಸಿರು ಬಿಗಿಹಿಡಿದ. ತಲೆ ಇದೆ, ತಲೆಯ ಮೇಲೆ ಆಕಾಶವೂ ಇದೆ, ಭುಜದ ಪಕ್ಕದಲ್ಲಿ ಪಾದ್ರಿ ನೆತ್ತಿಯಿಂದ ಬುಡದವರೆಗೆ ಇದ್ದಾನೆ. ಗುಂಡಿ ಒತ್ತಿದ.

“ಕಣ್ಣು ಮುಚ್ಚಿದ್ರೇನೋ ಅಮ್ಮ, ಇನ್ನೊಂದು ತೆಗೀತೀನಿ ಇರಿ,” ಎಂದು ಮತ್ತೆ ಕಣ್ಣಿಗೆ ಹಚ್ಚಿದ.

ಆಗ ಭಾರವಾದ ಬೀರುವನ್ನು ಯಾರೋ ಅಟ್ಟದ ಮೇಲೆ ಎಳೆದಂಥ ಸದ್ದಾಯಿತು. ಕ್ಯಾಮೆರಾದ ಕಿಂಡಿಯಲ್ಲಿ ಪಾದ್ರಿ ಇದ್ದ ಜಾಗದಲ್ಲಿ ಆಕಾಶ ಕಾಣಿಸಿತು. ಕೆಲ್ ಮೊದಲು ಲೆನ್ಸು ಒರೆಸಿದ.

“ಬಾಯಿ ಯಾಕಯ್ಯ ಹಾಗೆ ಬಿಟ್ಕೊಂಡೆ? ತಲೆ ಬಂತೋ ಇಲ್ವೋ?”

“ತಲೆ ಇದೆ ಅಮ್ಮ,” ಎಂದ ಕೆಲ್. “ಬಂಡೆ ಇಲ್ಲ.”

ಮಾವಿಸ್ ಹಿಂತಿರುಗಿ ನೋಡಿದಳು. ಅಲ್ಲಿ ನೊರೆಯಿತ್ತು, ಹಾರಾಡುವ ಗಾಬರಿಯ ಹಕ್ಕಿಗಳಿದ್ದವು, ಅಷ್ಟೇ. ಬಹಳ ಹೊತ್ತು ನೋಡಿದಳು.

“ನಾನು ಮುಟ್ಟಿಲ್ಲ ಕಣಯ್ಯ,” ಎಂದಳು ಕೊನೆಗೆ. ಅವಳ ಕಣ್ಣು ತುಂಬಿ ಬಂತು. “ಇಷ್ಟು ವರ್ಷ ನನಗೋಸ್ಕರಾನೇ ತಡ್ಕೊಂಡು ನಿಂತಿದ್ನೇನೋ ಪಾಪ. ಮೊದಲನೇದು ತೋರ್ಸು.”

ಕೆಲ್ ಕ್ಯಾಮೆರಾದ ಪುಟ್ಟ ಪರದೆಯನ್ನು ಅವಳ ಕಣ್ಣಿಗೆ ಹಿಡಿದ. ಕಣ್ಣು ಮುಚ್ಚಿರಲಿಲ್ಲ. ಮಸುಕಾಗಿರಲೂ ಇಲ್ಲ. ಅವನ ಜೀವಮಾನದಲ್ಲಿ ಅಷ್ಟು ಚೆಂದದ ಫೋಟೋ ಬಂದದ್ದು ಅದೇ ಮೊದಲು.

ಅವರು ಫಲಕಗಳ ಈಚೆ ಬರುವಷ್ಟರಲ್ಲಿ ಟ್ರೆವರ್ ಗೂಡಿನಿಂದ ಬಿಸ್ಕತ್ತಿನ ಪುಡಿ ಕೊಡವಿಕೊಳ್ಳುತ್ತ ಬಂದ. “ಫ್ಲಶ್ ಸದ್ದು ಜಾಸ್ತಿ ಅಂತ ಆರೋಗ್ಯದವರಿಗೆ ಹೇಳಿ ಹೇಳಿ ಸಾಕಾಗಿದೆ. ಗಾಬರಿಯಾಯ್ತಾ ಅಮ್ಮಾ?”

“ಬಂಡೆ ಬಿದ್ದೋಯ್ತು ಮಾರಾಯ,” ಎಂದ ಕೆಲ್.

“ಯಾವ ಬಂಡೆ?”

“ಪಾದ್ರಿ ಬಂಡೆ!”

ಟ್ರೆವರ್ ತಿರುಗಿ ಹಲಗೆಯನ್ನು ನೋಡಿದ. ಹತ್ತಿರ ಹೋಗಿ ತುಕ್ಕಿನ ಪಕ್ಕದಲ್ಲಿ ಬೆರಳಾಡಿಸಿದ. “ಇಲ್ಲೇ ಇದೆಯಲ್ರೀ,” ಎಂದ.

ಆದರೂ ಕರ್ತವ್ಯನಿಷ್ಠನಾದ್ದರಿಂದ ಮೇಲಿನವರಿಗೆ ಫೋನು ಮಾಡಿದ. ಮರುದಿನವೇ ಕೌನ್ಸಿಲಿನ ವಿಶೇಷ ಸಭೆ ಸೇರಿತು. ಕೆಲ್, ರೋಂಡಾ, ಮಾವಿಸ್ ಮೂವರನ್ನೂ ಹಾಜರಿರುವಂತೆ ಕೋರಲಾಯಿತು. ಸ್ಯಾಂಡ್‌ವಿಚ್ ಮತ್ತು ಕೇಕಿನ ವ್ಯವಸ್ಥೆ ಅಚ್ಚುಕಟ್ಟಾಗಿತ್ತು. ಮೇಯರಮ್ಮ ಎದ್ದುನಿಂತು ಈ ಕೆಳಗಿನ ನಿರ್ಣಯವನ್ನು ಓದಿದರು:

“ವಿರಲೂನ್ ಸರಹದ್ದಿನಲ್ಲಿ ಯಾವುದೇ ರಚನೆಯನ್ನು ಕೆಡವುವ ಮುನ್ನ ಸಾರ್ವಜನಿಕ ಪ್ರಕಟಣೆ ಹೊರಡಿಸಿ ಆಕ್ಷೇಪಣೆಗಳಿಗೆ ಅವಕಾಶ ನೀಡತಕ್ಕದ್ದು. ಪಾದ್ರಿ ಬಂಡೆಯ ವಿಷಯದಲ್ಲಿ ಬಂಡೆಯ ಕಡೆಯಿಂದಾಗಲೀ ಸಮುದ್ರದ ಕಡೆಯಿಂದಾಗಲೀ ಅಂಥ ಯಾವ ಅರ್ಜಿಯೂ ಸ್ವೀಕೃತವಾಗಿಲ್ಲ. ಆದ್ದರಿಂದ ಸದರಿ ಬಂಡೆ ಬಿದ್ದಿರುವುದಿಲ್ಲ.”

ಸಭೆ ಚಪ್ಪಾಳೆ ತಟ್ಟಿತು. ಬಂಡೆ ಬಿದ್ದಿದೆ ಎಂದಾಗಿದ್ದರೆ ಬೇಕರಿಯವರು, ಪೆಟ್ರೋಲ್ ಬಂಕಿನವರು, ಮೋಟೆಲಿನವರು ಎಲ್ಲಿಗೆ ಹೋಗಬೇಕಿತ್ತು? ಹಾಗೆ ನೋಡಿದರೆ ಮೇಯರಮ್ಮನವರದೇ ಒಂದು ಮೋಟೆಲಿತ್ತು, ಹೆಸರು ‘ಪಾದ್ರಿಯ ವಿಶ್ರಾಂತಿ’. ಆದರೆ ಅವರು ನಿಷ್ಪಕ್ಷಪಾತಿ; ನಿರ್ಣಯ ಓದುವಾಗ ತಮ್ಮ ಮೋಟೆಲನ್ನು ನೆನೆದು ಮುಖ ಕೂಡ ಬದಲಿಸಲಿಲ್ಲ.

ಕಷ್ಟ ಎದುರಾದದ್ದು ಆಮೇಲೆ. ಕೌನ್ಸಿಲಿನ ವಕೀಲರು ಎದ್ದು, ಈ ಮಹನೀಯರ ಕ್ಯಾಮೆರಾದಲ್ಲಿ ನಿಷಿದ್ಧ ಪ್ರದೇಶದ ಫೋಟೋ ಇದೆಯೆಂದೂ, ಅದನ್ನು ಸಭೆಯ ಸಮಕ್ಷಮದಲ್ಲಿ ಅಳಿಸಿಹಾಕುವುದು ಸೂಕ್ತವೆಂದೂ ಸೂಚಿಸಿದರು. ಕೆಲ್ ಕ್ಯಾಮೆರಾವನ್ನು ಎರಡೂ ಕೈಯಿಂದ ಎದೆಗೆ ಅವಚಿಕೊಂಡ. ಆ ಫೋಟೋ ಇನ್ನೊಮ್ಮೆ ತೆಗೆಯಲು ಭೂಮಿಯ ಮೇಲೆ ಬಂಡೆಯೇ ಇರಲಿಲ್ಲ.

ಮಾವಿಸ್ ಊರುಗೋಲು ಊರಿ ಎದ್ದಳು. “ಅಳಿಸ್ರಪ್ಪ. ಅಳಿಸಿದ್ರೆ ನಾನು ಈ ಕುರ್ಚೀಲೇ ಕೂತು ಪ್ರಾಣ ಬಿಡ್ತೀನಿ. ಹೇಗೂ ಸಾವು ಹತ್ರದಲ್ಲೇ ಇದೆ ಅಂತ ಡಾಕ್ಟರು ಅಂದಿದಾರೆ. ಆಮೇಲೆ ಅದು ಯಾವ ವಿಭಾಗಕ್ಕೆ ಬರತ್ತೆ ಅಂತ ನೀವೇ ಹುಡುಕ್ಕೊಳಿ.”

ಸಭೆಯಲ್ಲಿ ಕಳವಳ ಹಬ್ಬಿತು. ಗ್ರಂಥಾಲಯದವರು ಚರಂಡಿಯವರ ಮುಖ ನೋಡಿದರು. ಚರಂಡಿಯವರು ನಾಯಿ ನೋಂದಣಿಯವರ ಮುಖ ನೋಡಿದರು. ಅಂಥ ಪ್ರಸಂಗಕ್ಕೆ ನಿಜಕ್ಕೂ ಯಾವ ವಿಭಾಗವೂ ಇರಲಿಲ್ಲ.

ಆಗ ಮೂಲೆಯಲ್ಲಿ ಕೇಕು ತಿನ್ನುತ್ತಿದ್ದ ಟ್ರೆವರ್ ಕೈಯೆತ್ತಿದ. “ಅಲ್ಲ, ನಮ್ಮ ಹಲಗೆಗೆ ಹೊಸ ಫೋಟೋ ಬೇಕಿತ್ತಲ್ಲ? ಅದಕ್ಕೆ ಯಾರೂ ಹಿಂದೆ ಹೋಗೋ ಹಾಗಿರಲಿಲ್ಲ. ಇವರು ಹೋಗಿದ್ದು ಶೌಚಕ್ಕೆ. ಅದಕ್ಕೆ ಅಡ್ಡಿಯಿಲ್ಲ. ಫೋಟೋ ಬಂದಿದೆ. ಇದನ್ನೇ ಹಾಕ್ಸಿಬಿಟ್ರೆ?”

ವರ್ಷಗಳಿಂದ ಗಂಟಾಗಿದ್ದ ಕೆಲಸ ಹೀಗೆ ಬಿಚ್ಚಿಕೊಂಡಿತ್ತು. ಮೇಯರಮ್ಮ ಕ್ಯಾಮೆರಾದ ಪರದೆಗೆ ಕನ್ನಡಕ ಹಚ್ಚಿ ನೋಡಿ, “ಬಂಡೆ ಎಷ್ಟು ಚೆನ್ನಾಗಿ ಬಂದಿದೆ!” ಎಂದರು. ಮಾವಿಸ್ ಹಲ್ಲು ಕಚ್ಚಿದ್ದನ್ನು ಕೆಲ್ ಒಬ್ಬನೇ ಗಮನಿಸಿದ.

“ಆದ್ರೆ ಈ ಅಜ್ಜಿಯನ್ನ ಅಳಿಸಿ ಹಾಕ್ಸಬೇಕಲ್ಲ?” ಎಂದು ಗ್ರಂಥಾಲಯದವರು ಕೇಳಿದರು.

ಸಾಧ್ಯವಿರಲಿಲ್ಲ. ಪ್ರವಾಸಿಗರನ್ನು ದಾರಿ ತಪ್ಪಿಸುವಂತೆ ತಿದ್ದಿದ ಫೋಟೋವನ್ನು ಎಲ್ಲಿಯೂ ಬಳಸಕೂಡದು ಎಂದು ಕೌನ್ಸಿಲಿನ ಸತ್ಯಪಾಲನಾ ನಿಯಮ ಸ್ಪಷ್ಟವಾಗಿ ಹೇಳುತ್ತದೆ. ಸತ್ಯದ ವಿಷಯದಲ್ಲಿ ವಿರಲೂನ್ ಯಾವತ್ತೂ ರಾಜಿ ಮಾಡಿಕೊಂಡಿಲ್ಲ. ಫೋಟೋದಲ್ಲಿ ಬಂಡೆ ಇದೆ, ಅಜ್ಜಿ ಇದ್ದಾಳೆ. ಇದ್ದದ್ದು ಇದ್ದ ಹಾಗೆ ಅಚ್ಚಾಗಬೇಕು.

ಆದರೆ ಹಲಗೆಯ ಅಳತೆಗೆ ಫೋಟೋ ಹೊಂದುವುದಿಲ್ಲ ಎಂದು ಸಭೆಗೆ ಬಂದಿದ್ದ ಅಚ್ಚು ಹಾಕುವವರು ತಿಳಿಸಿದರು. ಮೇಲ್ಭಾಗ ಸ್ವಲ್ಪ ಕತ್ತರಿಸಬೇಕಾಗುತ್ತದೆ. ಪಾದ್ರಿ ಬಗ್ಗಿರುವುದರಿಂದ ಅವನಿಗೆ ತೊಂದರೆಯಿಲ್ಲ, ಹೆಂಗಸಿನದು ಕುತ್ತಿಗೆಯವರೆಗೆ ಬರುತ್ತದೆ.

“ಕುತ್ತಿಗೆವರೆಗೆ!” ಎಂದು ಮಾವಿಸ್ ಕೂಗಿದ್ದು ಹೊರಗೆ ಬೇಕರಿಗೂ ಕೇಳಿಸಿತು. “ಇನ್ನೊಂದ್ಸಲ ಹೇಳು ನೋಡೋಣ!”

“ಕೆಳಗಿಂದ ಕತ್ತರಿಸಿ,” ಎಂದ ಕೆಲ್. ಅವನ ಬದುಕಿನಲ್ಲಿ ಅವನು ಸಭೆಯಲ್ಲಿ ಮಾತಾಡಿದ್ದು ಅದೊಂದೇ ಸಲ. “ಕಾಲು ಯಾರಿಗೆ ಬೇಕು?”

ಕೆಳಗಿನಿಂದ ಕತ್ತರಿಸಿದರೆ ಕಂಬಿ ಹೋಗುತ್ತದೆ, ಕಂಬಿ ಇಲ್ಲದ ಅಂಚನ್ನು ತೋರಿಸುವುದು ಸುರಕ್ಷತೆಗೆ ವಿರುದ್ಧ. ಚರ್ಚೆ ಊಟದ ಹೊತ್ತಿನವರೆಗೂ ನಡೆಯಿತು. ಕಡೆಗೆ ಹಲಗೆಯನ್ನೇ ದೊಡ್ಡದು ಮಾಡುವುದೆಂದು ತೀರ್ಮಾನವಾಯಿತು. ಇದರಿಂದ ಹಳೇ ಹಲಗೆಯ ಮೇಲ್ಗಡೆ ಇಷ್ಟು ದಿನ ಚೂರುಪಾರು ಕಾಣುತ್ತಿದ್ದ ನಿಜವಾದ ಆಕಾಶವೂ ಮರೆಯಾಗುವುದಾದರೂ, ಹಲಗೆಯಲ್ಲಿ ಅದಕ್ಕಿಂತ ಉತ್ತಮ ಆಕಾಶ ಇರುವುದರಿಂದ ಯಾರೂ ಆಕ್ಷೇಪಿಸಲಿಲ್ಲ. ಶೌಚಾಲಯದ ಬಾಗಿಲನ್ನು ಮಾತ್ರ ರಸ್ತೆಯ ಕಡೆಗೆ ತಿರುಗಿಸಿ ಕಟ್ಟಲಾಯಿತು. ಅಭಿಪ್ರಾಯ ಸಂಗ್ರಹದಲ್ಲಿ ಅದರ ಅಂಕ ಕುಸಿಯಿತು, ಸೋಪಿನ ಅಧಿಕಾರಿಗೆ ನೋಟಿಸು ಹೋಯಿತು.

ಹೊಸ ಹಲಗೆ ಅನಾವರಣಗೊಂಡ ಮೇಲೆ ಕರಾವಳಿ ರಸ್ತೆಯಲ್ಲಿ ಬಂದವರೆಲ್ಲ ಹಳದಿ ಹೆಜ್ಜೆಗಳ ಮೇಲೆ ನಿಂತು ಮಾವಿಸ್ ಜೊತೆ, ಪಾದ್ರಿ ಜೊತೆ ಫೋಟೋ ತೆಗೆಸಿಕೊಂಡರು. ಪಾದ್ರಿ ಮತ್ತು ಅಜ್ಜಿಯ ಚಿತ್ರವಿರುವ ಪಾತ್ರೆ ಒರೆಸುವ ಬಟ್ಟೆಗಳು ಬಂದವು, ಫ್ರಿಜ್ಜಿಗೆ ಅಂಟಿಸುವ ಬಿಲ್ಲೆಗಳು ಬಂದವು. ಶಾಲೆಯ ಮಕ್ಕಳಿಗೆ ಅಜ್ಜಿಯೂ ಬಂಡೆಯಷ್ಟೇ ಹಳಬಳು ಎಂದು ಪಾಠವಾಯಿತು. ಮಾವಿಸ್ ತನ್ನ ಕೋಣೆಯ ಗೋಡೆಯಲ್ಲಿ ಕ್ಲಾರಿಯ ಫೋಟೋದ ಪಕ್ಕ ಕೆಲ್‌ನ ಫೋಟೋ ತೂಗಿಸಿದಳು. ನರ್ಸು ಬಂದಾಗ ಎರಡನ್ನೂ ತೋರಿಸಿ, “ಅದೂ ನಾನೇ, ಇದೂ ನಾನೇ,” ಎಂದಳು. ಡಾಕ್ಟರ ಮಾತು ಕೇಳದೆ ಏಪ್ರಿಲಿನಲ್ಲಿ ಇನ್ನೊಮ್ಮೆ ಹಟ ಹಿಡಿದು ಬಂದಳು ಕೂಡ. ಹಲಗೆಯ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತಾಗ ಟ್ರೆವರ್ ಹತ್ತಿರ ಬಂದು, ಸ್ವಲ್ಪ ಪಕ್ಕಕ್ಕೆ ಸರಿಯಬೇಕಮ್ಮಾ, ಹಿಂದಿರುವ ಅಜ್ಜಿ ಜನರಿಗೆ ಕಾಣ್ತಿಲ್ಲ ಎಂದ. ಅವಳು ನಕ್ಕು ನಕ್ಕು ಸುಸ್ತಾದಳು, ಆಮೇಲೆ ಸರಿದಳು.

ನಮ್ಮ ಕಡೆ ಜುಲೈ ಎಂದರೆ ಚಳಿಗಾಲ, ಅಂಥ ಚಳಿಯ ಒಂದು ಬೆಳಗ್ಗೆ ಮಾವಿಸ್ ಏಳಲಿಲ್ಲ. ನಿದ್ದೆಯಲ್ಲೇ ಹೋದಳು, ನೋವಿಲ್ಲದೆ ಹೋದಳು ಎಂದು ನರ್ಸು ಹೇಳಿದಳು. ಕೆಲ್ ಮನೆಯ ಹಿಂದೆ ಕ್ಯಾರವಾನಿನೊಳಗೆ ಕೂತು ಮಗುವಿನ ಹಾಗೆ ಅತ್ತ. ಮಣ್ಣಿನ ಕೆಲಸ ಮುಗಿದ ಮೇಲೆ ರೋಂಡಾ, ತಿಳಿಸುವುದು ಧರ್ಮ ಎಂದು, ಕೌನ್ಸಿಲಿಗೆ, ಅಂದರೆ ಟ್ರೆವರ್ ಕೂರುವ ಗೂಡಿಗೆ, ಫೋನು ಮಾಡಿದಳು.

“ನಮ್ಮಮ್ಮ ತೀರ್ಕೊಂಡ್ರು ಟ್ರೆವರ್.”

ಟ್ರೆವರ್ ಗೂಡಿನಿಂದ ಹಲಗೆಯತ್ತ ಇಣುಕಿ ನೋಡಿದನೆಂದು ಕಾಣುತ್ತದೆ. “ತಾಯಿ, ನಂಗೂ ತುಂಬ ಬೇಜಾರಾಗ್ತಿದೆ,” ಎಂದ ಕೊನೆಗೆ ಮೆಲ್ಲಗೆ. “ಆದ್ರೆ ಪ್ರಕಟಣೆ ಏನೂ ಬಂದಿಲ್ವಲ್ಲ. ನಮ್ಮಲ್ಲಿ ಇನ್ನೂ ಇದಾರೆ. ಗಾಳಿ ಜೋರಿದೆ, ಆದ್ರೂ ಗಟ್ಟಿಯಾಗಿದಾರೆ. ನೀವು ಬಂದು ನೋಡ್ಕೊಂಡು ಹೋಗಬೋದು.”

ರೋಂಡಾ ಕೆಂಡಾಮಂಡಲವಾಗುತ್ತಾಳೆಂದು ಕೆಲ್ ಕಾದ. ಅವಳು ಫೋನಿಟ್ಟು, ಥರ್ಮಾಸ್ ತೊಳೆದು, ಚಹಾ ತುಂಬಿಸಿ, “ಗಾಡಿ ತೆಗಿ,” ಎಂದಳು.

ಅಂದಿನಿಂದ ಪ್ರತಿ ಭಾನುವಾರ ಹೋಗುತ್ತಾರೆ. ಮಿರುಗುವ ಜಾಕೆಟ್ ತೊಡುತ್ತಾರೆ, ಮುಲಾಮು ಹಚ್ಚಿಕೊಳ್ಳುತ್ತಾರೆ. ಪ್ರವಾಸಿಗರ ಸರತಿಯಲ್ಲಿ ನಿಂತು, ತಮ್ಮ ಸರದಿ ಬಂದಾಗ ರೋಂಡಾ ವಾರದ ಸುದ್ದಿಯನ್ನೆಲ್ಲ ಅಮ್ಮನಿಗೆ ಒಪ್ಪಿಸುತ್ತಾಳೆ. ಹಿಂದೆ ನಿಂತವರು ಯಾರೂ ಅವಸರ ಮಾಡುವುದಿಲ್ಲ. ಒಬ್ಬಿಬ್ಬರು ಟೊಪ್ಪಿ ತೆಗೆಯುತ್ತಾರೆ. ಕಡಲಹಕ್ಕಿಗಳಿಗೆ ನಿಯಮ ತಿಳಿಯದು, ಅವು ಹಲಗೆಯ ಮೇಲೆ ಕೂತು ಕೆಳಗೆಲ್ಲ ಹೊಲಸು ಮಾಡುತ್ತವೆ. ಅದಕ್ಕೆಂದೇ ಕೌನ್ಸಿಲ್ ಇತ್ತೀಚೆಗೆ ಪಕ್ಕದಲ್ಲಿ ಒಂದು ಪುಟ್ಟ ಫಲಕ ನೆಟ್ಟಿದೆ: ‘ಅಜ್ಜಿಯ ಮುಖ ಒರೆಸುವ ಅಧಿಕಾರ ಕುಟುಂಬದವರಿಗೆ ಮಾತ್ರ.’

ಟ್ರೆವರ್ ತನ್ನ ಕೋಲನ್ನು ‘ನಿಲ್ಲಿ’ ಕಡೆಗೆ ತಿರುಗಿಸಿ ಜನರನ್ನು ತಡೆದು ಹಿಡಿಯುತ್ತಾನೆ. ಕೆಲ್ ಏಣಿ ಹಿಡಿಯುತ್ತಾನೆ. ರೋಂಡಾ ಹತ್ತಿ, ಒದ್ದೆ ಬಟ್ಟೆಯಿಂದ ಕೆನ್ನೆ, ಹಣೆ, ಮೂಗಿನ ಮೇಲಿನ ಮುಲಾಮು ಎಲ್ಲವನ್ನೂ ನಿಧಾನವಾಗಿ ಒರೆಸುತ್ತಾಳೆ.

“ಒಂಚೂರು ಅಲ್ಲಾಡ್ಬೇಡ ಅಮ್ಮ,” ಅನ್ನುತ್ತಾಳೆ. “ಆಯ್ತು, ಆಯ್ತು, ಈಗ ಚೆನ್ನಾಗಿ ಕಾಣ್ತಿದೀಯ.”